20ನೇ ತಾರೀಖು ಬಂತೆಂದರೆ ಮಗಳು ನನ್ನ ಹತ್ತಿರ ಬರುವುದಿಲ್ಲ. ಈ ಟೆನ್ಷನ್ ಹೇಗೆ ಇಳಿಸಿಕೊಳ್ಳಲಿ?

ಲೆಕ್ಕದಕ್ಕ, ಹುಬ್ಬಳ್ಳಿ
ಜೂನ್ 21, ಬೆಳಿಗ್ಗೆ 5:10

ಎಲ್ಲರಿಗೂ ನಮಸ್ಕಾರ. ನಾಲ್ಕಕ್ಕೇ ಎಚ್ಚರವಾಯಿತು, ಮತ್ತೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಎದ್ದು ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೇಸರ ಮಾಡಿಕೊಳ್ಳಬೇಡಿ.

ಮನೆಯ ಮುಂದಿನ ಕೋಣೆಯಲ್ಲೇ ನಾನು ಜಿಎಸ್‌ಟಿ ಫೈಲಿಂಗ್ ಕೆಲಸ ಮಾಡುತ್ತೇನೆ. 46 ಪಾರ್ಟಿಗಳಿದ್ದಾರೆ. ಹೆಚ್ಚಿನವರು ದುರ್ಗದಬೈಲ್ ಕಡೆಯ ಅಂಗಡಿಯವರು. ಬಟ್ಟೆ, ಪಾತ್ರೆ, ಹಾರ್ಡ್‌ವೇರ್, ಒಂದೆರಡು ಸ್ವೀಟ್ ಅಂಗಡಿ. ಈ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಿಂಗಳ 7ಕ್ಕೆ ಟಿಡಿಎಸ್, 11ಕ್ಕೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ ತೆರಿಗೆ ಕಟ್ಟುವ 3ಬಿ. 20 ದಾಟಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ ಬಡ್ಡಿ. ಬಿಲ್ ತಡವಾಗಿ ಕೊಟ್ಟವರು ಅವರೇ ಆದರೂ ಆ 50 ರೂಪಾಯಿಗೆ ಮಾತು ಕೇಳುವವಳು ನಾನು.

ನಿನ್ನೆ ರಾತ್ರಿ 10:40. ಇನ್ನೂ ನಾಲ್ಕು ರಿಟರ್ನ್ ಬಾಕಿ. ಒಬ್ಬರ ಓಟಿಪಿ ಬರಬೇಕಿತ್ತು. ಓಟಿಪಿ ಹೋಗುವುದು ಅವರ ಫೋನಿಗೆ, ಅವರು ಯಾವುದೋ ಮದುವೆ ರಿಸೆಪ್ಷನ್‌ನಲ್ಲಿದ್ದರು. ಒಲೆ ಮೇಲೆ ಅತ್ತೆಗೆ ಕೊಡುವ ಹಾಲು ಇಟ್ಟಿದ್ದೆ. ಫೋನಿನಲ್ಲಿ ಆ ಕಡೆ ಬ್ಯಾಂಡ್ ಸದ್ದು, ಈ ಕಡೆ ನಾನು "ಓಟಿಪಿ ಹೇಳ್ರೀ, ಓಟಿಪಿ" ಎಂದು ಕೂಗುತ್ತಿದ್ದೆ. ಆಗ ಮಗಳು ಬ್ರೌನ್ ಪೇಪರ್ ಹಿಡಿದು ಬಂದು ನೋಟ್‌ಬುಕ್ಕಿಗೆ ಬೈಂಡ್ ಹಾಕಿಕೊಡು ಎಂದಳು. ಅಷ್ಟರಲ್ಲಿ ಹಾಲು ಉಕ್ಕಿತು. ನಾನು ತಿರುಗಿ ಅವಳ ಬೆನ್ನಿಗೆ ಹೊಡೆದೆ. ಜೋರಾಗಿಯೇ ಹೊಡೆದೆ.

ಅವಳು ಅಳಲಿಲ್ಲ. ಪೇಪರ್ ಸುತ್ತಿಕೊಂಡು ಒಳಗೆ ಹೋದಳು. ಅಜ್ಜಿಯ ಹತ್ತಿರ ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು. "ಅಜ್ಜಿ, ಇವತ್ತ ಇಪ್ಪತ್ತನೇ ತಾರೀಖೇನು?"

ಎಂಟು ವರ್ಷದ ಮಗುವಿಗೆ ನನ್ನ ಡ್ಯೂ ಡೇಟ್ ಗೊತ್ತಾಗಿಬಿಟ್ಟಿದೆ. ರಾತ್ರಿಯಿಂದ ಇದೊಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

15 ಬಂತೆಂದರೆ ಊಟ ಸೇರುವುದಿಲ್ಲ. ಎದೆ ಹೊಡೆದುಕೊಳ್ಳುತ್ತೆ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತೆ. ದಿನಕ್ಕೆ ಏಳೆಂಟು ಸಲ ಚಹಾ. ಕೆಲಸ ಬಿಡು ಎಂದು ದಯವಿಟ್ಟು ಹೇಳಬೇಡಿ. ಮನೆಯವರ ಒಬ್ಬರ ಸಂಬಳದಲ್ಲಿ ಮನೆ ನಡೆಯುವುದಿಲ್ಲ. ಮತ್ತೆ, ಈ ಕೆಲಸ ನನಗೆ ಇಷ್ಟ ಕೂಡ.

ತುಂಗೆಯ ದಡ
ಜೂನ್ 21, ಬೆಳಿಗ್ಗೆ 7:32

ಅಕ್ಕ, ಬೆಳಿಗ್ಗೆ ಎದ್ದು 20 ನಿಮಿಷ ಕಣ್ಣು ಮುಚ್ಚಿ ಧ್ಯಾನ ಮಾಡಿ. ನನಗೆ ಒಂದು ವರ್ಷದಿಂದ ತುಂಬಾ ಅನುಕೂಲ ಆಗಿದೆ.

ಮೇಷ್ಟ್ರು, ತೀರ್ಥಹಳ್ಳಿ
ಜೂನ್ 21, ಬೆಳಿಗ್ಗೆ 8:05

ತಂಗಿ, ತಪ್ಪು ತಿಳಿಯಬೇಡಿ. ನಮ್ಮ ತಾಯಿ ಏಳು ಮಕ್ಕಳು, ಕೊಟ್ಟಿಗೆ, ಗದ್ದೆ ಎಲ್ಲ ನೋಡಿಕೊಂಡರು. ಟೆನ್ಷನ್ ಎಂಬ ಮಾತೇ ಅವರ ಬಾಯಲ್ಲಿ ಬರಲಿಲ್ಲ. ನಾವು ಈಗ ಸಣ್ಣದಕ್ಕೂ ಜಾಸ್ತಿ ಯೋಚಿಸುತ್ತೇವೆ ಅನ್ನಿಸುತ್ತದೆ.

ರಾತ್ರಿಪಾಳಿ ಸಿಸ್ಟರ್
ಜೂನ್ 21, ಬೆಳಿಗ್ಗೆ 9:40

ಮೇಷ್ಟ್ರೇ, ನಿಮ್ಮ ತಾಯಿಯವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಆ ಮನೆಯಲ್ಲಿ ಹಾಲು ಉಕ್ಕಿದರೆ ಒಲೆ ಆರಿಸಲು ಇನ್ನೊಬ್ಬರು ಇರುತ್ತಿದ್ದರು. ಮತ್ತೆ ಬಾಯಲ್ಲಿ ಬರಲಿಲ್ಲ ಎಂದರೆ ಇರಲಿಲ್ಲ ಎಂದಲ್ಲ. ನಮ್ಮ ಅಜ್ಜಿಗೆ ತಿಂಗಳಲ್ಲಿ ನಾಲ್ಕು ಸಲ ತಲೆಶೂಲೆ ಬರುತ್ತಿತ್ತು. ಹಣೆಗೆ ಗಂಧ ತೇಯ್ದು ಹಚ್ಚಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದರು. ಯಾಕೆ ಎಂದು ಯಾರೂ ಕೇಳಲಿಲ್ಲ.

ಅಕ್ಕ, ನಾನು ಕರಾವಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಈಗಷ್ಟೇ ನೈಟ್ ಡ್ಯೂಟಿ ಮುಗಿಸಿ ಬಂದೆ. ನೀವು ಬರೆದದ್ದರಲ್ಲಿ ನನಗೆ ಮೊದಲು ಕಂಡದ್ದು ಎದೆ ಬಡಿತ. ಇದೆಲ್ಲ ಟೆನ್ಷನ್ನೇ ಎಂದು ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ಮೊದಲು ಡಾಕ್ಟರ್‌ಗೆ ತೋರಿಸಿ. ಬಿಪಿ ನೋಡಿಸಿ, ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್‌ನ ಟಿಎಸ್‌ಎಚ್ ಮಾಡಿಸಿ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಎದೆ ಹೀಗೇ ಹೊಡೆದುಕೊಳ್ಳುತ್ತೆ. ನಮ್ಮಲ್ಲಿಗೆ ಬರುವ ಎಷ್ಟೋ ಹೆಣ್ಣುಮಕ್ಕಳು ವರ್ಷಗಟ್ಟಲೆ "ಮನೆ ಟೆನ್ಷನ್ ಸಿಸ್ಟರ್" ಎಂದು ಹೇಳಿಕೊಂಡು ಬಂದಿರುತ್ತಾರೆ. ರಕ್ತ ನೋಡಿದರೆ ಹಿಮೋಗ್ಲೋಬಿನ್ 7 ಇರುತ್ತದೆ.

ಇನ್ನು ಮೈಯೊಳಗೆ ಏನಾಗುತ್ತದೆ ಎಂದರೆ, ಗಾಬರಿಯಾದಾಗ ಕಿಡ್ನಿಗಳ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುವ ಎರಡು ಗ್ರಂಥಿಗಳು ಅಡ್ರಿನಾಲಿನ್ ಬಿಡುತ್ತವೆ. ಅದರ ಹಿಂದೆಯೇ ಕಾರ್ಟಿಸಾಲ್ ಏರುತ್ತದೆ. ಅಂಗಳದಲ್ಲಿ ಹಾವು ಕಂಡರೂ ಅದೇ, ಓಟಿಪಿ ಬರದಿದ್ದರೂ ಅದೇ. ಹಾವು ಸರಿದು ಹೋದರೆ ಸ್ವಲ್ಪ ಹೊತ್ತಿಗೆ ಮೈ ಮೊದಲಿನಂತಾಗುತ್ತದೆ. ನಿಮ್ಮದು ಹಾಗಲ್ಲ. 15ರಿಂದ 20ರವರೆಗೆ ಹಾವು ಅಂಗಳದಲ್ಲೇ ಇದೆ. ಊಟ ಹೇಗೆ ಸೇರಬೇಕು?

ನಾಲ್ಕಕ್ಕೆ ಎಚ್ಚರವಾಗುವುದಕ್ಕೂ ಇದಕ್ಕೂ ಸಂಬಂಧ ಇದೆ. ಕಾರ್ಟಿಸಾಲ್ ನಡುರಾತ್ರಿಯ ಹೊತ್ತಿಗೆ ತೀರ ಕಡಿಮೆ ಇರುತ್ತದೆ, ಬೆಳಗಿನ ಜಾವ ತಾನಾಗಿಯೇ ಏರತೊಡಗುತ್ತದೆ. ಎಲ್ಲರಿಗೂ ಹೀಗೇ. ಚಿಂತೆ ಇದ್ದವರಿಗೆ ಆ ಹೊತ್ತಿನಲ್ಲಿ ನಿದ್ದೆ ತೆಳುವಾಗಿ ಎಚ್ಚರ ಆಗಿಬಿಡುತ್ತದೆ. ಎಚ್ಚರವಾಗಿ 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಲ್ಲಿ ಕೂರಿ, ಬಟ್ಟೆ ಮಡಚಿ, ನಿದ್ದೆ ಬಂದ ಮೇಲೆ ಮಲಗಿ. ಫೋನ್ ಮಾತ್ರ ಮುಟ್ಟಬೇಡಿ. ಮಧ್ಯಾಹ್ನ ಎರಡರ ಮೇಲೆ ಚಹಾ ಬಿಡಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲಿಕ್ಕೇ ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಚಹಾ ರಾತ್ರಿ ಹನ್ನೊಂದಕ್ಕೂ ಅರ್ಧ ಒಳಗೇ ಇರುತ್ತದೆ.

ಬೆಣ್ಣೆನಗರಿ, ದಾವಣಗೆರೆ
ಜೂನ್ 21, ಮಧ್ಯಾಹ್ನ 1:15

ಅಕ್ಕಾ, ನಾನೂ ಅದೇ ಕೆಲಸದವನು. ಓಟಿಪಿ ಎಂಬ ಮೂರಕ್ಷರ ಓದಿದ ತಕ್ಷಣ ನನಗೂ ಎದೆ ಝಲ್ಲೆಂದಿತು.

ಒಂದು ಮಾತು ಕೇಳುತ್ತೇನೆ. ನಿಮ್ಮ 46ರಲ್ಲಿ ವರ್ಷಕ್ಕೆ 5 ಕೋಟಿಯೊಳಗಿನ ವಹಿವಾಟಿನವರು ಎಷ್ಟು? ಬಹುತೇಕ ಅವರೇ ಇರಬೇಕು. ಅವರನ್ನೆಲ್ಲ ಯಾಕೆ ತಿಂಗಳ ಫೈಲಿಂಗ್‌ನಲ್ಲೇ ಇಟ್ಟುಕೊಂಡಿದ್ದೀರಿ? ಕ್ಯೂಆರ್‌ಎಂಪಿ ಎಂಬ ಯೋಜನೆ 2021ರ ಜನವರಿಯಿಂದ ಇದೆ. ಮೂರು ತಿಂಗಳಿಗೊಮ್ಮೆ ರಿಟರ್ನ್. ನಮ್ಮ ರಾಜ್ಯಕ್ಕೆ ಅದರ 3ಬಿ ಕೊನೆ ದಿನ 22. ಮೊದಲ ಎರಡು ತಿಂಗಳ ತೆರಿಗೆಗೆ ಮುಂದಿನ ತಿಂಗಳ 25ರೊಳಗೆ ಚಲನ್ ಕಟ್ಟಿದರೆ ಸಾಕು. ಚಲನ್ ಮಾಡಿ ಕಳಿಸಿದರೆ ಅವರೇ ಕಟ್ಟುತ್ತಾರೆ, ಅದಕ್ಕೆ ನೀವು ರಾತ್ರಿ ಓಟಿಪಿ ಕಾಯಬೇಕಿಲ್ಲ. ಜುಲೈ–ಸೆಪ್ಟೆಂಬರ್‌ಗೆ ಸೇರಿಸಲು ಜುಲೈ 31ರವರೆಗೆ ಟೈಮ್ ಇದೆ. ಹಿಂದಿನ ರಿಟರ್ನ್ ಬಾಕಿ ಇರಬಾರದು ಅಷ್ಟೇ.

ಹೋಲ್‌ಸೇಲ್‌ನವರು ಒಪ್ಪುವುದಿಲ್ಲ. ಅವರಿಂದ ಕೊಂಡ ವ್ಯಾಪಾರಿಗಳಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ಪ್ರತಿ ತಿಂಗಳೂ ಕಾಣಬೇಕು. ಅಂಥವರ ಬಿಲ್ಲುಗಳನ್ನು 13ರೊಳಗೆ ಪೋರ್ಟಲ್‌ನ ಐಎಫ್‌ಎಫ್ ಎಂಬ ಸೌಲಭ್ಯದಲ್ಲಿ ಹಾಕಬಹುದು. ಆದರೆ ಪಾತ್ರೆ ಅಂಗಡಿ, ಸ್ವೀಟ್ ಅಂಗಡಿಗೆ ಆ ತೊಂದರೆಯೇ ಇಲ್ಲ. ಗಿರಾಕಿ ಬರುತ್ತಾನೆ, ಕೊಳ್ಳುತ್ತಾನೆ, ಹೋಗುತ್ತಾನೆ.

ಇನ್ನೊಂದು. ನಾನು ಬಿಲ್ ತರಲು ಕೊನೆ ದಿನ 5 ಎಂದು ಇಟ್ಟಿದ್ದೇನೆ. ಸರ್ಕಾರದ ದಿನ 11, ನನ್ನ ದಿನ 5. ತಡ ಮಾಡಿದವರದ್ದು ಕೊನೆಯ ಸಾಲಿಗೆ. ಇದನ್ನು ಹೇಳಲು ನನಗೆ ಮೂರು ವರ್ಷ ಬೇಕಾಯಿತು. ಪಾರ್ಟಿ ಬಿಟ್ಟು ಹೋದರೆ ಎಂಬ ಭಯ. ಇಬ್ಬರು ಹೋದರು ನಿಜ. ಅವರಿಬ್ಬರೇ ಪ್ರತಿ ತಿಂಗಳು ನನ್ನನ್ನು ಅರ್ಧ ರಾತ್ರಿವರೆಗೆ ಕೂರಿಸುತ್ತಿದ್ದವರು.

ಲೆಕ್ಕದಕ್ಕ, ಹುಬ್ಬಳ್ಳಿ
ಜೂನ್ 21, ರಾತ್ರಿ 9:50

ಸಿಸ್ಟರ್, ಬೆಣ್ಣೆನಗರಿ ತಮ್ಮ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕ್ಯೂಆರ್‌ಎಂಪಿ ಗೊತ್ತಿತ್ತು. ಪಾರ್ಟಿಗಳಿಗೆ ವಿವರಿಸುವ ತಾಪತ್ರಯ ಯಾರಿಗೆ ಬೇಕು ಎಂದು ಬಿಟ್ಟಿದ್ದೆ. ಐದು ನಿಮಿಷದ ಆ ಮಾತು ತಪ್ಪಿಸಿಕೊಳ್ಳಲು ಹೋಗಿ ಪ್ರತಿ ತಿಂಗಳು ಐದು ದಿನ ಕಳೆದುಕೊಂಡಿದ್ದೇನೆ.

ಧ್ಯಾನದ ಬಗ್ಗೆ ಒಂದು ಮಾತು. ಹಿಂದೆ ಪ್ರಯತ್ನ ಮಾಡಿದ್ದೇನೆ. ಕಣ್ಣು ಮುಚ್ಚಿ ಕೂತರೆ ಜಿಎಸ್‌ಟಿ ಪೋರ್ಟಲ್ ತೆರೆಯದೆ ಸುತ್ತುವುದೇ ಕಾಣುತ್ತಿತ್ತು, ಎದೆ ಇನ್ನೂ ಜೋರಾಗುತ್ತಿತ್ತು. ನನ್ನದೇ ಏನೋ ದೋಷ ಅಂದುಕೊಂಡು ಬಿಟ್ಟುಬಿಟ್ಟೆ.

ರಾತ್ರಿಪಾಳಿ ಸಿಸ್ಟರ್
ಜೂನ್ 21, ರಾತ್ರಿ 10:20

ದೋಷ ಅಲ್ಲ ಅಕ್ಕ. ಕೆಲವರಿಗೆ ಮೊದಮೊದಲು ಹಾಗೇ ಆಗುತ್ತದೆ. ಕಣ್ಣು ತೆರೆದೇ ಇರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಉಸಿರು ಬಿಡುವಾಗ ವೇಗಸ್ ನರ ಎದೆ ಬಡಿತವನ್ನು ಸ್ವಲ್ಪ ನಿಧಾನ ಮಾಡುತ್ತದೆ, ಅದಕ್ಕೇ ಬಿಡುವುದು ಉದ್ದ ಇರಬೇಕು. ಮೂರು ನಿಮಿಷ ಸಾಕು. ಐಸಿಯು ಬಾಗಿಲ ಹೊರಗೆ ನಿಂತು ನಾನೇ ಎಷ್ಟೋ ಸಲ ಮಾಡಿದ್ದೇನೆ. ನಡೆಯುವುದು ಇನ್ನೂ ಒಳ್ಳೆಯದು. ಉಣಕಲ್ ಕೆರೆ ಹತ್ತಿರವಿದ್ದರೆ ಸಂಜೆ ಮಗಳನ್ನು ಕರೆದುಕೊಂಡು ಹೋಗಿ.

ಅಡಿಕೆ ತೋಟ, ಶಿರಸಿ
ಜೂನ್ 22, ಸಂಜೆ 6:45

ಓದಿ ಸುಮ್ನೆ ಇರಲಾಗಲಿಲ್ಲ. ನಿಮಗೆ ಸರ್ಕಾರ ತಾರೀಖು ಕೊಡುತ್ತದೆ, ನಮಗೆ ಮಳೆ ಕೊಡುತ್ತದೆ.

ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಬೋರ್ಡೋ ಮದ್ದು ಹೊಡೆಯಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮದ್ದು ಮಾಡುವುದು ಸುಲಭ, ಮರ ಹತ್ತುವವರು ಸಿಗುವುದು ಕಷ್ಟ. ಮೊದಲ ಮದ್ದು ಮಳೆ ಜೋರು ಹಿಡಿಯುವ ಮೊದಲೇ ಆಗಬೇಕು, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ. ಮರ ಹತ್ತುವ ಕೊನೆಗೌಡ ಒಬ್ಬ, ತೋಟ ಹತ್ತು. ಎಲ್ಲರಿಗೂ ಮಳೆ ಬಿಟ್ಟ ಅದೇ ನಾಲ್ಕು ದಿನದ ಹೊಳವಿನಲ್ಲಿ ಅವನೇ ಬೇಕು. ಹೋದ ವರ್ಷ ರಾತ್ರಿ ಹಂಚಿನ ಮೇಲೆ ಮಳೆ ಸದ್ದು ಕೇಳಿದರೆ ಎದ್ದು ಕೂರುತ್ತಿದ್ದೆ. ಕತ್ತಲಲ್ಲಿ ಕೂತು ಮಾಡುವುದೇನು? ಏನೂ ಇಲ್ಲ. ಆದರೂ ಕೂರುತ್ತಿದ್ದೆ. ಬಿಪಿ ಗುಳಿಗೆ ಶುರುವಾದದ್ದು ಆಗಲೇ.

ಈ ವರ್ಷ ನಾವು ಮೂರು ಮನೆಯವರು ಸೇರಿ ಮಾತಾಡಿಕೊಂಡೆವು. ಹಿಂದೆ ಗದ್ದೆ ನೆಟ್ಟಿಗೆ ಮುಯ್ಯಾಳು ಅಂತ ಇತ್ತಲ್ಲ, ಹಾಗೆ. ನನ್ನ ತೋಟಕ್ಕೆ ಅವರು, ಅವರ ತೋಟಕ್ಕೆ ನಾವು. ಕೊನೆಗೌಡನನ್ನು ಮೂರೂ ತೋಟಕ್ಕೆ ಸೇರಿಸಿ ಆರು ದಿನ ಹಿಡಿದೆವು. ಮದ್ದು ಕಲಸುವುದು, ಪೈಪ್ ಎಳೆಯುವುದು ಎಲ್ಲ ನಾವೇ. ಕೆಲಸ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ಆದರೆ ರಾತ್ರಿ ಏಳುವುದು ನಿಂತಿತು. ಮಳೆ ಬಂದರೆ ಮೂರು ಮನೆಗೂ ಬರುತ್ತದೆ, ಬೆಳಿಗ್ಗೆ ಮೂರೂ ಜನ ಕೂತು ನೋಡೋಣ ಅನ್ನಿಸುತ್ತದೆ.

ನಿಮ್ಮ ಊರಲ್ಲಿ ಇದೇ ಕೆಲಸ ಮಾಡುವ ಇನ್ನೊಬ್ಬರು ಇಲ್ಲವೇ? 19, 20 ಎರಡು ದಿನ ಮುಯ್ಯಿ ಮಾಡಿಕೊಳ್ಳಿ.

ಮೇಷ್ಟ್ರು, ತೀರ್ಥಹಳ್ಳಿ
ಜೂನ್ 22, ರಾತ್ರಿ 8:30

ನರ್ಸ್ ತಂಗಿ ಬರೆದದ್ದು ಓದಿದೆ. ನಮ್ಮ ತಾಯಿ ಮಧ್ಯಾಹ್ನ ಊಟವಾದ ಮೇಲೆ ಬಾವಿಕಟ್ಟೆಯ ಮೇಲೆ ಒಬ್ಬರೇ ಕೂತಿರುತ್ತಿದ್ದರು. ನಾವು ಹತ್ತಿರ ಹೋದರೆ ಗದರಿ ಕಳಿಸುತ್ತಿದ್ದರು. ಅದು ಯಾಕೆ ಎಂದು ನಿನ್ನೆಯವರೆಗೂ ನಾನು ಯೋಚಿಸಿದ್ದಿಲ್ಲ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಮಗಳ ವಿಷಯದಲ್ಲಿ ಒಂದು ಹೇಳಬಹುದಾ? 34 ವರ್ಷ ಮಕ್ಕಳ ನಡುವೆ ಇದ್ದವನು, ನಾನೂ ಸಿಟ್ಟಿನಲ್ಲಿ ಹೊಡೆದಿದ್ದೇನೆ. ಹೊಡೆದ ಮೇಲೆ ಚಾಕೊಲೇಟ್ ಕೊಡಬೇಡಿ. ಎದುರಿಗೆ ಕೂರಿಸಿಕೊಂಡು ತಪ್ಪಾಯಿತು ಎಂದು ಹೇಳಿ. ಅವಳು ಏನೋ ತಪ್ಪು ಮಾಡಿದ್ದಕ್ಕೆ ಅಮ್ಮ ಹೊಡೆದಳು ಎಂದೇ ಮಗು ತಿಳಿದಿರುತ್ತದೆ. ಅವಳ ತಪ್ಪೇನೂ ಇರಲಿಲ್ಲ ಎಂಬುದು ನಿಮ್ಮ ಬಾಯಿಂದಲೇ ಬರಬೇಕು.

ಹೆಸರು ಬೇಡ
ಜೂನ್ 23, ರಾತ್ರಿ 1:50

ನಾನು ಇಲ್ಲಿ ಓದುವವಳು ಮಾತ್ರ, ಬರೆದಿಲ್ಲ. ನನಗೆ 20ನೇ ತಾರೀಖು ಎಂದೇನೂ ಇಲ್ಲ. ಎರಡು ತಿಂಗಳಿಂದ ದಿನವೂ ಒಂದೇ. ಸ್ನಾನ ಮಾಡಲೂ ಮನಸ್ಸಾಗುವುದಿಲ್ಲ. ಮೊದಲು ಇಷ್ಟವಿದ್ದ ಯಾವುದೂ ಈಗ ಬೇಡ. ಬೆಳಿಗ್ಗೆ ಏಳದೇ ಇದ್ದರೆ ಒಳ್ಳೆಯದಿತ್ತು ಅನ್ನಿಸುತ್ತದೆ. ಇದಕ್ಕೂ ನಡೆದರೆ, ಉಸಿರಾಡಿದರೆ ಸರಿ ಹೋಗುತ್ತಾ?

ರಾತ್ರಿಪಾಳಿ ಸಿಸ್ಟರ್
ಜೂನ್ 23, ರಾತ್ರಿ 2:04

ತಂಗಿ, ಬರೆದದ್ದು ಒಳ್ಳೆಯದಾಯಿತು. ನಾನು ಡ್ಯೂಟಿಯಲ್ಲೇ ಇದ್ದೇನೆ, ಎಚ್ಚರ ಇದ್ದೇನೆ.

ಇಲ್ಲ, ಇದಕ್ಕೆ ಉಸಿರಾಟ ಒಂದೇ ಸಾಲದು. ಎರಡು ವಾರಕ್ಕಿಂತ ಜಾಸ್ತಿ ಹೀಗೆ ಇದ್ದರೆ ಡಾಕ್ಟರ್ ನೋಡಲೇಬೇಕು. ಇದು ಕಾಯಿಲೆ, ಚಿಕಿತ್ಸೆ ಇದೆ. ಈಗಲೇ 14416ಕ್ಕೆ ಫೋನ್ ಮಾಡಿ. ಟೆಲಿಮನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ. ದಿನದ 24 ಗಂಟೆಯೂ ತೆಗೆಯುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಏಳದೇ ಇದ್ದರೆ ಒಳ್ಳೆಯದಿತ್ತು ಎಂದು ಇಲ್ಲಿ ಬರೆದಿರಲ್ಲ, ಅದೇ ಮಾತನ್ನು ಅವರಿಗೂ ಹೇಳಿ, ಮುಚ್ಚಿಡಬೇಡಿ. ಮನೆಯಲ್ಲಿ ಯಾರಿದ್ದಾರೆ? ಒಬ್ಬರನ್ನಾದರೂ ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹೆಸರು ಬೇಡ
ಜೂನ್ 23, ರಾತ್ರಿ 2:41

ಫೋನ್ ಮಾಡಿದೆ. ಒಬ್ಬರು ಮೇಡಂ ಮಾತಾಡಿದರು. ತಂಗಿಯನ್ನು ಎಬ್ಬಿಸಿದ್ದೇನೆ.

ಲೆಕ್ಕದಕ್ಕ, ಹುಬ್ಬಳ್ಳಿ
ಜೂನ್ 23, ಬೆಳಿಗ್ಗೆ 6:15

ಈಗ ಓದಿದೆ. ಕಣ್ಣಲ್ಲಿ ನೀರು ಬಂತು. ನೀವು ಈ ಕಡೆಯವರಾಗಿದ್ದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಬನ್ನಿ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ. ಹೆಸರೂ ಹೇಳಬೇಕಿಲ್ಲ.

ರಾತ್ರಿಪಾಳಿ ಸಿಸ್ಟರ್
ಜೂನ್ 23, ಬೆಳಿಗ್ಗೆ 9:10

ದೂರದ ತಾಲ್ಲೂಕಿನಲ್ಲಿರುವವರಿಗೂ ದಾರಿ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ನಿಮ್ಮ ಊರಿಗೆ ಎಂದು ಮೊದಲೇ ಕೇಳಿಕೊಂಡು ಹೋಗಿ.

ಲೆಕ್ಕದಕ್ಕ, ಹುಬ್ಬಳ್ಳಿ
ಜುಲೈ 21, ಬೆಳಿಗ್ಗೆ 7:00

ಒಂದು ತಿಂಗಳಾಯಿತು, ಏನೇನಾಯಿತು ಎಂದು ಹೇಳಲು ಬಂದಿದ್ದೇನೆ.

ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಸರಿ ಇದೆ, ಹಿಮೋಗ್ಲೋಬಿನ್ 9.2. ಕಬ್ಬಿಣದ ಗುಳಿಗೆ ಕೊಟ್ಟಿದ್ದಾರೆ, ಚಹಾದ ಜೊತೆ ಮಾತ್ರ ತೆಗೆದುಕೊಳ್ಳಬಾರದಂತೆ. ಮಧ್ಯಾಹ್ನದ ಮೇಲೆ ಚಹಾ ನಿಲ್ಲಿಸಿದ ಮೊದಲ ವಾರ ತಲೆ ಸಿಡಿಯಿತು. ಈಗ ಪರವಾಗಿಲ್ಲ.

ಪಾರ್ಟಿಗಳಿಗೆಲ್ಲ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಕಳಿಸಿದೆ. ಬರೆಯಲು ಎರಡು ದಿನ, ಕಳಿಸುವ ಬಟನ್ ಒತ್ತಲು ಇನ್ನೊಂದು ದಿನ ಬೇಕಾಯಿತು. "ನಮಸ್ಕಾರ. ಇನ್ನು ಮೇಲೆ ಬಿಲ್‌ಗಳನ್ನು ಪ್ರತಿ ತಿಂಗಳು 6ನೇ ತಾರೀಖಿನೊಳಗೆ ಕೊಡಬೇಕಾಗಿ ವಿನಂತಿ. 6ರ ನಂತರ ಬಂದವನ್ನು ಬಂದ ಕ್ರಮದಲ್ಲಿ ಮಾಡುತ್ತೇನೆ, ತಡವಾದರೆ ಲೇಟ್ ಫೀ ತಮ್ಮದು. 18 ಮತ್ತು 19ರಂದು ಬೆಳಿಗ್ಗೆ 10ರಿಂದ ಸಂಜೆ 6ರೊಳಗೆ ಓಟಿಪಿಗಾಗಿ ಫೋನ್ ಮಾಡುತ್ತೇನೆ. ರಾತ್ರಿ 8ರ ನಂತರ ಫೋನ್ ತೆಗೆಯುವುದಿಲ್ಲ." ಯಾರೂ ಬೈಯಲಿಲ್ಲ. ಹೆಚ್ಚಿನವರು ಕೈ ಮುಗಿದ ಚಿತ್ರ ಕಳಿಸಿದರು. ಒಬ್ಬ ಹಾರ್ಡ್‌ವೇರ್ ಅಂಗಡಿಯವರು ಮಾತ್ರ ಕಾಗದ ಎಲ್ಲ ವಾಪಸ್ ಒಯ್ದರು. ಅವತ್ತು ರಾತ್ರಿ ತುಂಬಾ ಯೋಚನೆ ಆಯಿತು, ಸುಳ್ಳು ಹೇಳುವುದಿಲ್ಲ.

ಕೇಶ್ವಾಪುರದಲ್ಲಿ ಇದೇ ಕೆಲಸ ಮಾಡುವ ಒಬ್ಬರು ಪರಿಚಯವಾದರು. ಶಿರಸಿಯ ಅಣ್ಣ ಹೇಳಿದ ಹಾಗೆ ಮುಯ್ಯಿ ಮಾಡಿಕೊಂಡೆವು. 18ರಂದು ಅವರು ನಮ್ಮ ಮನೆಗೆ, 19ರಂದು ನಾನು ಅವರ ಮನೆಗೆ. ಒಬ್ಬರು ಫೋನ್ ಹಿಡಿದು ಓಟಿಪಿ ಕೇಳುವುದು, ಇನ್ನೊಬ್ಬರು ಹಾಕುವುದು. ನಿನ್ನೆಗೆ ಉಳಿದದ್ದು ಮೂರು. ಆದರೂ ಸಂಜೆ ಪೋರ್ಟಲ್ ಸುತ್ತತೊಡಗಿದಾಗ ಎದೆ ಮತ್ತೆ ಹೊಡೆದುಕೊಂಡಿತು. ಮನೆಯವರ ಮೇಲೆ ಒಂದು ಸಲ ಕೂಗಾಡಿದೆ. ಆಮೇಲೆ ಹಿತ್ತಲಿಗೆ ಹೋಗಿ ನಿಂತು ಉಸಿರು ಎಣಿಸಿದೆ.

19 ಪಾರ್ಟಿಗಳು ಕ್ಯೂಆರ್‌ಎಂಪಿಗೆ ಒಪ್ಪಿದ್ದಾರೆ. ಜೂನ್ ತಿಂಗಳ ರಿಟರ್ನ್ ಮುಗಿಯಿತಲ್ಲ, ಈ ವಾರವೇ ಸೇರಿಸುತ್ತೇನೆ. ಆಗಸ್ಟ್‌ನಿಂದ ಗೊತ್ತಾಗುತ್ತದೆ.

ಮೇಷ್ಟ್ರೇ, ಮಗಳಿಗೆ ಹೇಳಿದೆ. ತಪ್ಪು ನಿನ್ನದಲ್ಲ, ನನ್ನದು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹಾಲು ಯಾಕೆ ಉಕ್ಕಿತು?" ಎಂದಳು. ತನ್ನಿಂದಲೇ ಹಾಲು ಉಕ್ಕಿತು ಎಂದುಕೊಂಡಿದ್ದಳು, ಇಷ್ಟು ದಿನ.

ಮೇಷ್ಟ್ರು, ತೀರ್ಥಹಳ್ಳಿ
ಜುಲೈ 21, ಬೆಳಿಗ್ಗೆ 8:12

ಓದಿದೆ ತಂಗಿ. ಒಳ್ಳೆಯದಾಗಲಿ.

ಬೆಣ್ಣೆನಗರಿ, ದಾವಣಗೆರೆ
ಜುಲೈ 21, ಬೆಳಿಗ್ಗೆ 11:30

ಅಕ್ಕಾ, ಆ ಮೆಸೇಜ್ ನಾನೂ ತೆಗೆದುಕೊಳ್ಳಲಾ? ರಾತ್ರಿ 8ರ ಸಾಲು ನನ್ನದರಲ್ಲಿ ಇರಲಿಲ್ಲ.

ಹೆಸರು ಬೇಡ
ಜುಲೈ 29, ಸಂಜೆ 4:20

ಎರಡನೇ ಸಲ ತೋರಿಸಿಕೊಂಡು ಬಂದೆ. ಗುಳಿಗೆ ಶುರುವಾಗಿ ನಾಲ್ಕು ವಾರವಾಯಿತು. ಮೊದಲ ಎರಡು ವಾರ ಏನೂ ಗೊತ್ತಾಗಲಿಲ್ಲ, ಡಾಕ್ಟರ್ ಮೊದಲೇ ಹೇಳಿದ್ದರು. ಈಗ ಬೆಳಿಗ್ಗೆ ಸ್ನಾನ ಮಾಡುತ್ತೇನೆ. ನಿನ್ನೆ ತಂಗಿಯ ಜೊತೆ ಮಾರ್ಕೆಟ್‌ಗೆ ಹೋಗಿದ್ದೆ. ಸಿಸ್ಟರ್, ಅವತ್ತು ರಾತ್ರಿ ನೀವು ಎಚ್ಚರ ಇದ್ದೇನೆ ಎಂದು ಬರೆದಿರಲ್ಲ, ಅದನ್ನು ಆಗಾಗ ತೆರೆದು ಓದುತ್ತೇನೆ.

ಲೆಕ್ಕದಕ್ಕ, ಹುಬ್ಬಳ್ಳಿ
ಆಗಸ್ಟ್ 20, ರಾತ್ರಿ 9:05

ಇವತ್ತು 20. ಮಧ್ಯಾಹ್ನ ಮೂರಕ್ಕೆ ಕೊನೆಯ ರಿಟರ್ನ್ ಹೋಯಿತು. ಪಂಚಮಿಗೆ ಕಟ್ಟಿದ ಶೇಂಗಾ ಉಂಡಿ ಡಬ್ಬಿಯಲ್ಲಿ ಇನ್ನೂ ನಾಲ್ಕು ಉಳಿದಿದ್ದವು. ಮಗಳು ಒಂದು ತಂದು ಕೀಬೋರ್ಡ್ ಪಕ್ಕ ಇಟ್ಟು, "ಮಮ್ಮಿ, ಓಟಿಪಿ ಬಂತೇನು?" ಎಂದು ಕೇಳಿದಳು. ಬಂತು ಎಂದೆ. ಈಗ ಇಬ್ಬರೂ ಕೂತು ಸಮಾಜ ವಿಜ್ಞಾನದ ನೋಟ್‌ಬುಕ್ಕಿಗೆ ಬೈಂಡ್ ಹಾಕುತ್ತಿದ್ದೇವೆ. ಜೂನ್‌ನಿಂದ ಹಾಗೇ ಉಳಿದಿತ್ತು.